ಸಾಹುಕಾರರ ಮೈಗೆ ಅರಿಷಿಣ

ಮೆಣಸಿನಕಾಯಿ ಹೊಲಕ್ಕೆ ಔಷಧ ಹೊಡೆಯುತ್ತಿದ್ದ ಗಂಡ ತಲೆ ತಿರುಗಿ ಬಿದ್ದಂದಿನಿಂದ ದ್ಯಾಮವ್ವ ತನ್ನ ಗುಂಪಿನ ಆಳುಗಳಿಗೆ ಪಾಠ ಹೇಳುತ್ತಿದ್ದಳು. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ಹೊಡೀರಿ ಅಂತ.

ಹೊಲದ ಸಾಹುಕಾರ ಚನಬಸಪ್ಪನವರಿಗೆ ಇದು ಸೇರಲಿಲ್ಲ.

“ಬಟ್ಟೆ ಕಟ್ಟೋದು, ಬಿಚ್ಚೋದು, ಇದರಾಗ ಹೊತ್ತು ಹೋಗ್ತದ. ಮುಖ ಮುಚ್ಚಿದವರಿಗೆ ನನ್ನ ಹೊಲದಾಗ ಕೆಲಸಿಲ್ಲ!”

ದ್ಯಾಮವ್ವ ವಾದಕ್ಕಿಳಿಯಲಿಲ್ಲ. “ಆತ್ರಿ ಸಾಹುಕಾರ್ರ. ಹ್ಯಾಂಗ ಹೊಡೀಬೇಕು, ಒಂದು ಸಾಲು ನೀವ ತೋರಸ್ರಿ,” ಎಂದು ತಾನೇ ಪಂಪು ತುಂಬಿ ಅವರ ಬೆನ್ನಿಗೇರಿಸಿದಳು.

ಸಾಹುಕಾರರು ಮೀಸೆ ತಿರುವಿ, ಗಾಳಿಗೆ ಎದೆಯೊಡ್ಡಿ ಸಾಲು ಮುಗಿಸಿದರು. ಅಷ್ಟರಲ್ಲಿ ಬುತ್ತಿ ತಂದ ಹೆಂಡತಿ ಗಕ್ಕನೆ ನಿಂತಳು.

“ಅಯ್ಯ, ಈ ವಯಸ್ಸಿನಾಗ ಯಾರ ಜೋಡಿ ಲಗ್ನರೀ?”

ನೋಡಿಕೊಂಡರೆ ಬಿಳಿ ಅಂಗಿ, ಧೋತರ ಎಲ್ಲ ಮದುಮಗನ ಹಾಗೆ ಹಳದಿ!

“ಹೆದರಬ್ಯಾಡ್ರಿ, ಪಂಪಿನಾಗ ತುಂಬಿದ್ದು ಅರಿಷಿಣದ ನೀರು. ತೊಳದ್ರ ಹೋಗ್ತದ,” ಎಂದಳು ದ್ಯಾಮವ್ವ. “ಔಷಧ ಇದ್ದಿದ್ರ ಇಷ್ಟೂ ನಿಮ್ಮ ಮೈಮ್ಯಾಲೆ ಇರ್ತಿತ್ತು.”

ಸಾಹುಕಾರರು ತುಟಿ ಒರೆಸಿಕೊಂಡರು. ಬೆರಳೂ ಹಳದಿಯಾಯಿತು.

ಮರುದಿನ ಬದುವಿನ ಮೇಲೆ ನಿಂತು ಅವರೇ ಗುಡುಗಿದರು: “ಮುಖ ಮುಚ್ಚದವರಿಗೆ ನನ್ನ ಹೊಲದಾಗ ಕೆಲಸಿಲ್ಲ!”

ಬಟ್ಟೆ ಬಿಗಿದು, ತಲೆಯೆತ್ತಿ, ದ್ಯಾಮವ್ವ ಗುಂಪಿನ ಮುಂದೆ ನಡೆದಳು. ಸಾಹುಕಾರರ ಮೀಸೆ ಇನ್ನೂ ಹಳದಿಯಾಗಿಯೇ ಇತ್ತು.