ಅರಮನೆಯ ಮೂಗಿಗೆ ನೆಗಡಿ

"ಏನಮ್ಮಾ ತಂಗೀ, ನೀರಿನ ಮಡುವಿಗೆ ಯಾವ ಕಡೆ ಹೋಗಬೇಕು? ಸುತ್ತಿ ಸುತ್ತಿ ಇದೇ ಬಂಡೆಗೆ ಬಂದು ನಿಲ್ಲುತ್ತಿದ್ದೇನೆ."

ಹೀಗೆ ಕೇಳಿದವಳು ಮುಳ್ಳುಹಂದಿ ಮುಳ್ಳಕ್ಕ. ಮಕ್ಕಳೇ, ಅವಳು ಒಂದೇ ಕಾಡಿನಲ್ಲಿ ಕಾಲು ಊರಿದವಳಲ್ಲ. ಹತ್ತಾರು ಕಾಡು ತಿರುಗಿ, ಕಡುಬೇಸಗೆಯಲ್ಲಿ ಈ ಕಾಡಿಗೆ ಬಂದು ದಾರಿ ತಪ್ಪಿದ್ದಳು.

ಬಂಡೆಯ ಪಕ್ಕದ ಬಿಲದ ಬಾಯಲ್ಲಿ ಕುಳಿತಿದ್ದ ಮೊಲದಮ್ಮ ನಿಟ್ಟುಸಿರಿಟ್ಟಳು. "ಬಂಡೆ ಮೂಸಿ ನೋಡು ಅಕ್ಕಾ. ಗುರುತು ಅಲ್ಲೇ ಇದೆ."

ಮುಳ್ಳಕ್ಕ ಮೂಸಿದಳು. "ಥೂ! ಬರೀ ಪುನುಗಿನ ನಾತ!"

"ಮೆಲ್ಲಗೆ! ಅದು ಅರಮನೆಯ ದಾರಿಗುರುತು. ಪುನುಗುಬೆಕ್ಕಣ್ಣ ಬಳಿದದ್ದು, ಅವನೊಬ್ಬನಿಗೇ ತಿಳಿಯುವುದು. ಹಳೇ ಕೆರೆ ಬತ್ತಿಹೋಯಿತು. ಹೊಸ ಮಡುವಿಗೆ ಹೋಗಬೇಕಾದರೆ ಪ್ರತಿಸಲವೂ ಅವನಿಗೆ ಹಣ್ಣು ಕೊಟ್ಟು ಹಿಂದೆ ನಡೆಯಬೇಕು. ಅವನೋ ಮೂಸಿ ಮೂಸಿ ಸಲಕ್ಕೊಂದು ಸುತ್ತುದಾರಿ ಹಿಡಿಯುತ್ತಾನೆ, ದಾರಿ ನೆನಪೇ ಉಳಿಯುವುದಿಲ್ಲ."

"ಮರಕ್ಕೊಂದು ಗೀರು ಹಾಕಿದ್ದರೆ ಸಾಕಿತ್ತಲ್ಲ?"

"ಮೊದಲು ಗೀರುಗಳೇ ಇದ್ದವು. ಕಂಡಕಂಡವರು ಓದುವ ಗೀರಿಗೆ ಏನು ಗತ್ತು ಅಂತ ಸಿಂಹರಾಜರು ಕೆರೆಸಿಹಾಕಿದರು."

ಬಾಯಾರಿ ಮಲಗಿದ್ದ ಮರಿಗಳಿಗೆಂದು ಇಟ್ಟಿದ್ದ ರಸದ ಗಡ್ಡೆಯಲ್ಲಿ ಅರ್ಧ ಮುರಿದು ಮೊಲದಮ್ಮ ಅವಳಿಗೆ ಕೊಟ್ಟಳು.

"ಇದು ಸಾಲ ಕಣೇ, ತೀರಿಸುತ್ತೇನೆ" ಎಂದು ಮುಳ್ಳಕ್ಕ ಎದುರಿಗಿದ್ದ ಸಿಂಹದ ಗವಿಗೆ ನಡೆದಳು.

ಅಲ್ಲಿ ಸಿಂಹರಾಜ ನಾಲಿಗೆ ಚಾಚಿಕೊಂಡು ಬಿದ್ದಿದ್ದ. ಪಕ್ಕದಲ್ಲಿ ಪುನುಗುಬೆಕ್ಕು ಒಂದೇ ಸಮನೆ ಸೀನುತ್ತಿದ್ದ.

"ಆಕ್ಷೀ! ಮೂಗು ಕಟ್ಟಿದೆ ಪ್ರಭೂ. ನಾನೇ ಬಳಿದದ್ದು ನನಗೇ ತಿಳಿಯುತ್ತಿಲ್ಲ."

ಮಂತ್ರಿ ತೋಳ ಗವಿಯೆದುರಿನ ಅದೇ ಬಂಡೆ ಮೂಸಿ, "ಎಡಕ್ಕೆ ಇರಬಹುದು" ಎಂದ. ಸೇನಾಪತಿ ಕರಡಿ ಮೂಸಿ, "ಬಲಕ್ಕೂ ಇರಬಹುದು" ಎಂದ.

"ಆಹಾ, ಏನು ದರ್ಬಾರು!" ಮುಳ್ಳಕ್ಕ ನಕ್ಕಳು. "ಒಂದು ಬೆಕ್ಕಿಗೆ ನೆಗಡಿಯಾದರೆ ಕಾಡಿಗೆಲ್ಲ ಬಾಯಾರಿಕೆ!"

ಅಷ್ಟರಲ್ಲಿ ಸಂಜೆಯಾಯಿತು. ಕಾಡುಪಾರಿವಾಳಗಳು ಗುಂಪಾಗಿ ಹಾರಿದವು. ಈ ಹೊತ್ತಿನಲ್ಲಿ ಅವು ಹೋಗುವುದು ನೀರಿಗೇ ಎಂದು ದೇಶ ತಿರುಗಿದವಳಿಗೆ ಗೊತ್ತಿಲ್ಲವೇ? ಅವುಗಳ ಜಾಡು ಹಿಡಿದು, ಮೊಲದ ಕಣ್ಣಿಗೂ ಎಟಕುವ ಹಾಗೆ ಮರಮರಕ್ಕೂ ಹಲ್ಲಿನಿಂದ ಗೀರು ಹಾಕುತ್ತ ಹೊರಟಳು.

"ಗೀರಿನ ಚೂಪು ತೋರಿದ ಕಡೆ ನೀರು! ಎಲ್ಲರಿಗೂ ಹೇಳಿರಪ್ಪಾ!"

ಎಲ್ಲರೂ ಗೀರು ಹಿಡಿದು ಮಡುವಿಗೆ ಬಂದರು. ಹೊಟ್ಟೆ ಬಿರಿಯುವಷ್ಟು ಕುಡಿದ ಸಿಂಹರಾಜ ಮೀಸೆ ಒರೆಸಿಕೊಂಡು ಕೇಳಿದ: "ಈ ಗುರುತಿನ ಒಡೆಯರು ಯಾರು? ಹಣ್ಣು ಯಾರಿಗೆ ಕಳಿಸಬೇಕು?"

"ಕಣ್ಣಿದ್ದವರೆಲ್ಲ ಒಡೆಯರೇ, ಪ್ರಭೂ. ಹಣ್ಣು ತಾವೇ ತಿನ್ನಿ" ಎಂದಳು ಮುಳ್ಳಕ್ಕ.

ಮೊಲದ ಮರಿಗಳು ಗೀರು ನೋಡಿಕೊಂಡು ತಾವೇ ಮಡುವಿಗೆ ಬಂದು ಮುಖ ಅದ್ದಿದವು. ಮುಳ್ಳಕ್ಕ ಕೆಸರಿನಿಂದ ಒಂದು ತಾವರೆಗಡ್ಡೆ ಕಿತ್ತು ಮೊಲದಮ್ಮನ ಮುಂದಿಟ್ಟಳು.

"ತಗೋ ತಂಗೀ, ನಿನ್ನಲ್ಲಿ ಮಾಡಿದ ಸಾಲ ತೀರಿತು."

ನೀತಿ: ಊರಿಗೆಲ್ಲ ಬೇಕಾದ ಗುರುತು ಊರಿಗೆಲ್ಲ ಓದಲು ಬರಬೇಕು; ಒಬ್ಬನ ಮೂಗಿಗೆ ರಾಜ್ಯವನ್ನು ಒತ್ತೆಯಿಟ್ಟ ಅರಸ ಅವನ ನೆಗಡಿಗೂ ತಲೆಬಾಗಬೇಕು.