ನೆಂಟರಿಗೆಂದು ಇಟ್ಟ ಸೋಪು

ಊರಲ್ಲಿ ವಾಂತಿಭೇದಿ ಹಬ್ಬಿದಾಗ ನರ್ಸಮ್ಮ ಹುಲಿಗೆಮ್ಮನ ಕೈಗೆ ಸೋಪು ಕೊಟ್ಟು, "ಕೂಸಿಗೆ ಉಣಿಸುವ ಮುಂಚೆ ಇದರಲ್ಲಿ ಕೈ ತೊಳೆದುಕೋ" ಎಂದಳು. ಅದರ ಘಮಕ್ಕೆ ಮರುಳಾದ ಹುಲಿಗೆಮ್ಮ, ನೆಂಟರು ಬಂದಾಗ ಬೇಕಾಗುತ್ತದೆಂದು ಕಾಗದವನ್ನೂ ಬಿಚ್ಚದೆ ಗೂಡಿನಲ್ಲಿಟ್ಟಳು.

ಬಚ್ಚಲಿನ ಚೊಂಬು ಸೋಪನ್ನು ಕೂಗಿತು: "ಕೆಳಗಿಳಿದು ಬಾ! ದೊಡ್ಡ ಮಗಳ ವಾಂತಿ ಬಳಿದ ಕೈಯನ್ನು ಬರೀ ನೀರಲ್ಲಿ ತೊಳೆದು ಹುಲಿಗೆಮ್ಮ ಕೂಸಿಗೆ ಅನ್ನ ಕಲಸುತ್ತಿದ್ದಾಳೆ."

"ನೀರು ತಾಗಿದರೆ ಸವೆದುಹೋಗುತ್ತೇನೆ," ಎಂದಿತು ಸೋಪು. "ನಾನೇನು ದಿನಬಳಕೆಯ ಸೋಪಲ್ಲ, ನೆಂಟರಿಗೆಂದು ಇಟ್ಟದ್ದು. ಅವರು ಬರಲಿ."

ಅದೇ ವಾರ ನೆಂಟರೆಲ್ಲ ಬಂದರು. ಕೂಸನ್ನು ಮಣ್ಣು ಮಾಡಿ ಹಿಂದಿರುಗಿದವರು ಕೈಕಾಲು ತೊಳೆಯಲು ಬಚ್ಚಲ ಮುಂದೆ ನಿಂತಾಗ, ಹುಲಿಗೆಮ್ಮ ಅಳುತ್ತಲೇ ಕಾಗದ ಬಿಚ್ಚಿ ಸೋಪನ್ನು ಅವರ ಮುಂದಿಟ್ಟಳು. ಚೊಂಬು ನೀರು ಸುರಿಯಿತು. ನೊರೆ ಚೆನ್ನಾಗಿಯೇ ಬಂತು.