ಧೋತರದ ತಿಮಿಂಗಿಲ

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಆಶ್ರಮ. ಅಲ್ಲಿ ಚೆನ್ನವೀರಜ್ಜನೆಂಬ ಗುರು, ಅಡಿವೆಪ್ಪನೆಂಬ ಶಿಷ್ಯ. ಒಂದರಿಂದ ನಾಲ್ಕನೆಯ ತರಗತಿಯ ತನಕ ಒಂದು ಶಾಲೆ, ಶಾಲೆಯ ತುಂಬ ಗದ್ದಲ.

ಅಡಿವೆಪ್ಪ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅವನ ಕೈಯಲ್ಲಿ ಜೋಳ ಒಂದು ಹಿಡಿ ಹೆಚ್ಚಾಗುತ್ತಿರಲಿಲ್ಲ, ಬೆಲ್ಲ ಒಂದು ಚೂರು ಕಡಿಮೆ ಬೀಳುತ್ತಿರಲಿಲ್ಲ. ಆದರೆ ಕೈ ಉಗ್ರಾಣದಲ್ಲಿ, ಮನಸ್ಸು ಮಕ್ಕಳ ಕೋಣೆಯಲ್ಲಿ. ಅಲ್ಲಿ ಕಲಿಸಬೇಕೆಂಬ ಆಸೆಯನ್ನು ಬಹಳ ಕಾಲ ಬಾಯೊಳಗೇ ಇಟ್ಟುಕೊಂಡಿದ್ದು, ಒಂದು ಮುಂಜಾನೆ ಗುರುವಿನ ಮುಂದೆ ಹೇಳಿಬಿಟ್ಟ.

ಅಜ್ಜ ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮೂಲೆಯಲ್ಲಿದ್ದ ಎರಡು ಪೆಟ್ಟಿಗೆ ತೋರಿಸಿದ.

ಪಟ್ಟಣದ ಪುಸ್ತಕದಂಗಡಿಯವರು ಕಳಿಸಿದ್ದ ಪೆಟ್ಟಿಗೆಗಳು ಅವು. ಬೇಕಾದದ್ದು ಇಟ್ಟುಕೊಂಡು ಉಳಿದದ್ದನ್ನು ಅಮಾವಾಸ್ಯೆಯೊಳಗೆ ಮರಳಿಸಬೇಕು ಎಂಬ ಮಾತಾಗಿತ್ತು. ಎಲ್ಲವೂ ಚಿತ್ರಪುಸ್ತಕ, ಆದರೆ ಕಥೆಯ ಪುಸ್ತಕಗಳಲ್ಲ. ಬೀಜ, ಮಳೆ, ಎಲುಬು, ಹಕ್ಕಿಗೂಡು, ನಕ್ಷತ್ರ ಹೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವಂಥವು.

"ಕಥಿ ಹೇಳಾಕ ನಾ ಅದೀನಿ, ಅಡಗಿ ಕಲ್ಲವ್ವ ಅದಾಳ. ಖರೇ ಹೇಳೋ ಪುಸ್ತಕ ಬೇಕು. ಮಕ್ಕಳ ಕೋಣ್ಯಾಗ ಒಂದು ಹಲಗಿ ಐತಿ. ಅದರ ಮ್ಯಾಲ ಹಿಡಿಸುವಷ್ಟು ಆರಿಸು. ಆರಿಸಾಕ ಬಂತಂದ್ರ ಕೋಣಿ ನಿಂದು. ಬರಲಿಲ್ಲಂದ್ರ ಉಗ್ರಾಣದ ಕೀಲಿಕೈ ನಿನ್ನ ಉಡದಾರದಾಗ ಹಂಗ ಇರಲಿ."

"ಹೆಂಗ ಆರಿಸಲಿ, ಅಜ್ಜಾರ?"

"ಜ್ವಾಳ ಹೆಂಗ ಕೊಳ್ತಿ?"

"ಚೀಲದ ಬಾಯಾಗಿಂದು ನಂಬೂದಿಲ್ಲರಿ. ನಡುವ ಚುಚ್ಚಿ ತಗದು ನೋಡ್ತೀನಿ."

"ಮತ್ತ ನನ್ನ ಯಾಕ ಕೇಳ್ತಿ?"

ಅಡಿವೆಪ್ಪನಿಗೆ ದಾರಿ ಸಿಕ್ಕಂತಾಯಿತು. ಹೊದಿಕೆಯ ಬಣ್ಣಕ್ಕೆ ಮರುಳಾಗದೆ ಪ್ರತಿ ಪುಸ್ತಕವನ್ನೂ ನಡುವೆ ತೆರೆದ. ತೆರೆದ ಮೇಲೆ ತೊಡಕು ಶುರುವಾಯಿತು. ಜೋಳವಾದರೆ ಹಲ್ಲಿಗಿಟ್ಟು ಕಡಿದು ನೋಡಬಹುದು. ಪುಸ್ತಕವನ್ನು ಏನು ಮಾಡುವುದು?

ಕೊನೆಗೆ ಅವನೇ ಒಂದು ತಕ್ಕಡಿ ಮಾಡಿಕೊಂಡ. ಪುಸ್ತಕವನ್ನು ಮಕ್ಕಳ ನಡುವೆ ಇಡುವುದು, ತಾನು ದೂರ ಕುಳಿತು ನೋಡುವುದು. ಕಡೆಯ ಪುಟದ ತನಕ ಮಕ್ಕಳು ಅಲುಗಾಡದೆ ಕೂತರೆ ಹಲಗೆಗೆ. ನಡುವೆ ಎದ್ದರೆ ಪೆಟ್ಟಿಗೆಗೆ. ಗಿರಾಕಿಯೇ ತೂಗಲಿ, ನನ್ನ ಬೆರಳು ತಟ್ಟೆಗೆ ತಾಗುವುದು ಬೇಡ ಅನ್ನುವುದು ಅವನ ಲೆಕ್ಕ.

ಮೊದಲು ಗೆದ್ದದ್ದು ಒಳಕಲ್ಲಿನಷ್ಟು ಭಾರದ ಒಂದು ಪುಸ್ತಕ. ಅದರಲ್ಲಿ ಇಲ್ಲದ್ದೇ ಇಲ್ಲ. ಬೆಂಕಿಯುಗುಳುವ ಬೆಟ್ಟ, ಮಂಜಿನ ಕರಡಿ, ರೈಲಿನ ಎಂಜಿನ್ನು, ಮನುಷ್ಯನ ಕರುಳು. ಮಕ್ಕಳು ಮಧ್ಯಾಹ್ನವೆಲ್ಲ ಪುಟ ತಿರುವುತ್ತ ಕೂತರು. ನೊಣ ಹಾರಿದರೂ ಕೇಳುವಂತಿತ್ತು. ಅಡಿವೆಪ್ಪ ಹಿಗ್ಗಿ ಗುರುವಿನ ಬಳಿಗೆ ಹೋಗಿ, ಇಂಥ ಶಾಂತಿಯನ್ನು ಈ ಶಾಲೆ ಕಂಡೇ ಇರಲಿಲ್ಲ ಎಂದು ವರದಿ ಒಪ್ಪಿಸಿದ.

ಅಜ್ಜ ಕೇಳಿದ, "ಏನ ಒಯ್ದ್ರು?"

"ಏನೂ ಒಯ್ದಿಲ್ಲರಿ. ಪುಸ್ತಕ ಇಲ್ಲೇ ಐತಿ."

"ಗಿರಾಕಿ ಅಂಗಡ್ಯಾಗ ಎಷ್ಟೊತ್ತು ಕುಂತಾ ಅನ್ನೂದು ವ್ಯಾಪಾರ ಅಲ್ಲಪಾ. ಎದ್ದು ಹೋಗುವಾಗ ಏನ ಒಯ್ದಾ ಅನ್ನೂದು."

ಅಡಿವೆಪ್ಪ ತಲೆಯಾಡಿಸಿ ಬಂದ. ಬಂದವನು ಯಾರಾದರೂ ಚಿತ್ರ ಹರಿದುಕೊಂಡಿದ್ದಾರೇನೋ ಎಂದು ಒಂದೊಂದೇ ಪುಟ ತಿರುವಿ ನೋಡಿದ. ಎಲ್ಲ ನೆಟ್ಟಗಿತ್ತು.

ಮರುದಿನ ತಿಮಿಂಗಿಲದ ಪುಸ್ತಕದ ಸರದಿ. ತೆಳ್ಳಗಿನ ಪುಸ್ತಕ, ಪುಟಕ್ಕೆ ಎರಡು ಸಾಲು ಮಾತು. ಮೂರನೆಯ ತರಗತಿಯ ನಿಂಗವ್ವ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದಳು, ಉಳಿದವರು ಮುತ್ತಿಕೊಂಡಿದ್ದರು. ಅರ್ಧ ದಾಟಿರಲಿಲ್ಲ. ನಿಂಗವ್ವ ಓದು ನಿಲ್ಲಿಸಿದಳು. ದುರ್ಗಪ್ಪನೆಂಬ ಹುಡುಗ "ಸುಳ್ಳ" ಅಂದ. ತಲೆಗೆ ತಲೆ ತಾಗಿಸಿ ಏನೋ ಗುಸುಗುಸು. ಅಷ್ಟೇ, ಎಲ್ಲರೂ ಎದ್ದು ಹೊರಗೆ ಓಡಿದರು. ಪುಸ್ತಕ ನೆಲದ ಮೇಲೆ ತೆರೆದೇ ಬಿದ್ದಿತ್ತು.

ಅಡಿವೆಪ್ಪ ಸ್ವಲ್ಪ ಹೊತ್ತು ಕಾದ. ಯಾರೂ ಮರಳಲಿಲ್ಲ. ಚಿತ್ರವೇನೋ ಚಂದವಿತ್ತು, ಆದರೆ ತಕ್ಕಡಿ ಅಂದ ಮೇಲೆ ತಕ್ಕಡಿ. ಪುಸ್ತಕ ಮುಚ್ಚಿ ಪೆಟ್ಟಿಗೆಗೆ ಹಾಕಿ, ಹಗ್ಗ ಬಿಗಿದು ಗಂಟು ಹಾಕಿದ.

ಅಷ್ಟರಲ್ಲಿ ಹಿತ್ತಿಲಿನಿಂದ ಕಲ್ಲವ್ವನ ಗಂಟಲು ಕೇಳಿಸಿತು. ವಾರದ ಒಗೆತವೆಲ್ಲ ಹಗ್ಗದ ಮೇಲಿಂದ ಮಾಯವಾಗಿತ್ತು. ಅಜ್ಜನ ಧೋತರವೂ ಇಲ್ಲ, ಅಡಿವೆಪ್ಪನದೂ ಇಲ್ಲ. ಸೊಂಟ ಬೀಳುವ ಹಾಗೆ ಒಗೆದವಳು ತಾನು, ಕದ್ದವನ ಕೈಗೆ ತಾನೇ ಬುದ್ಧಿ ಕಲಿಸುತ್ತೇನೆ ಎಂದು ಅವಳು ಲಟ್ಟಣಿಗೆ ಹಿಡಿದೇ ಹೊರಟಿದ್ದಳು.

ಮಕ್ಕಳ ಗದ್ದಲದ ಜಾಡು ಹಿಡಿದು ಅಡಿವೆಪ್ಪ ಅವಳಿಗಿಂತ ಮೊದಲು ಹೊಳೆಯ ದಂಡೆಗೆ ಬಂದ. ಉಸುಕಿನ ಮೇಲೆ ಧೋತರಗಳು ಒಂದರ ತುದಿಗೆ ಒಂದು ಚಾಚಿ ಮಲಗಿದ್ದವು. ಗಾಳಿಗೆ ಹಾರದ ಹಾಗೆ ಅಂಚಿಗೆ ಕಲ್ಲು. ನಡುವೆ ನಿಂಗವ್ವ, ದುರ್ಗಪ್ಪ ಕೋಳಿಗಳ ಹಾಗೆ ಎದುರುಬದುರು ನಿಂತು ಜಗಳಾಡುತ್ತಿದ್ದರು.

ಅವನು ನೇರ ಗುರುವಿನ ಬಳಿಗೆ ಓಡಿದ. ಪೂಜೆಯ ಮಡಿ ಉಸುಕಿನ ಪಾಲಾಯಿತೆಂದು ದೂರು ಹೇಳಿ, ಕೈ ಹಿಡಿದು ಕರೆತಂದ. ಅಜ್ಜ ಬೆತ್ತ ಊರಿಕೊಂಡು ಬಂದು ನಿಂತ. ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದ.

"ಇದೇನವಾ, ನಿಂಗವ್ವಾ?"

"ತಿಮಿಂಗಿಲರಿ, ಅಜ್ಜಾ."

"ಇಷ್ಟುದ್ದ?"

"ಇನ್ನೂ ಉದ್ದ ಐತ್ರಿ. ಈ ದುರ್ಗ್ಯಾ ಇಷ್ಟ ಸಾಕಂತಾನ."

ಅಡಿವೆಪ್ಪ ಗದರಿಸಲು ಬಾಯಿ ತೆರೆದ. ಅಜ್ಜ ಬೆತ್ತ ತುಸು ಎತ್ತಿದ. ಬಾಯಿ ಮುಚ್ಚಿತು.

ನಿಂಗವ್ವ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಪುಸ್ತಕದಲ್ಲಿ ತಿಮಿಂಗಿಲದ ಬದಿಗೆ ಹುಡುಗರು ಒಬ್ಬರ ತುದಿಗೆ ಒಬ್ಬರು ಸಾಲಾಗಿ ಮಲಗಿದ್ದರಂತೆ. ಅಷ್ಟು ಹುಡುಗರು ಈ ಶಾಲೆಯಲ್ಲಿ ಇಲ್ಲ. ಅದಕ್ಕೆ ಒಂದು ಧೋತರದ ಉದ್ದಕ್ಕೆ ಎಷ್ಟು ಮಂದಿ ಮಲಗಬಹುದೆಂದು ಮಲಗಿಯೇ ನೋಡಿದರಂತೆ. ಮೂವರು ಹಿಡಿಸಿದರು. ಹುಡುಗರ ಬದಲು ಧೋತರ ಹಾಸಿದರು. ಆದರೆ ಚಿತ್ರದ ಹುಡುಗರು ಕೈಯನ್ನು ತಲೆಯ ಮೇಲೆ ಚಾಚಿ ಮಲಗಿದ್ದರು ಎಂದು ಅವಳ ವಾದ, ಮಗ್ಗುಲಿಗೆ ಇಟ್ಟುಕೊಂಡಿದ್ದರು ಎಂದು ದುರ್ಗಪ್ಪನದು. ಕೈ ಚಾಚಿದ್ದರೆ ಒಂದು ಧೋತರಕ್ಕೆ ಮೂವರು ಬರುವುದಿಲ್ಲ, ಎರಡೂವರೆ.

ಅಜ್ಜ ಗಡ್ಡ ಸವರಿಕೊಂಡು ಶಿಷ್ಯನ ಕಡೆ ತಿರುಗಿದ.

"ಆ ಪುಸ್ತಕ ನಡುವ ತಗದು ನೋಡಿದ್ದೆಲ್ಲಪಾ. ನೀ ಹೇಳು. ಕೈ ಮ್ಯಾಲೋ, ಮಗ್ಗಲಿಗೋ?"

ಅಡಿವೆಪ್ಪ ನೆನೆಸಿಕೊಳ್ಳಲು ನೋಡಿದ. ಮಕ್ಕಳು ಯಾವಾಗ ಎದ್ದರು ಅನ್ನುವುದು ನೆನಪಿತ್ತು. ಯಾರು ಮೊದಲು ಎದ್ದರು ಅನ್ನುವುದೂ ನೆನಪಿತ್ತು. ಚಿತ್ರ ನೆನಪಿರಲಿಲ್ಲ.

"ಲಕ್ಷ್ಯ ಕೊಟ್ಟು ನೋಡಲಿಲ್ಲರಿ," ಅಂದ.

"ಪುಸ್ತಕ ಎಲ್ಲೈತಿ?"

"ಮರಳಿ ಕಳಿಸೋ ಪೆಟ್ಟಿಗ್ಯಾಗ ಹಾಕೀನ್ರಿ. ಹುಡುಗೂರು ಅರ್ಧಕ್ಕ ಎದ್ದು ಓಡಿದ್ರು."

ಅಜ್ಜ ದುರ್ಗಪ್ಪನ ತಲೆಯ ಮೇಲೆ ಕೈಯಿಟ್ಟ.

"ತಮ್ಮಾ, ನಿನ್ನೆ ದೊಡ್ಡ ಪುಸ್ತಕ ನೋಡಿದ್ರಿ. ಅದರಾಗ ಏನಿತ್ತು?"

"ಭಾಳ ಇತ್ತರಿ."

"ಭಾಳ ಅಂದ್ರ?"

ದುರ್ಗಪ್ಪ ಆಕಾಶ ನೋಡಿದ, ಹೊಳೆ ನೋಡಿದ. "ಭಾಳ," ಅಂದ.

ಅಡಿವೆಪ್ಪ ಅಲ್ಲಿ ನಿಲ್ಲಲಿಲ್ಲ. ಯಾರೂ ಹೇಳುವ ಮೊದಲೇ ಆಶ್ರಮದ ಕಡೆ ಓಡಿದ. ತಾನೇ ಬಿಗಿದ ಗಂಟು ತನ್ನ ಕೈಗೇ ಬಿಚ್ಚಲಿಲ್ಲ. ಹಲ್ಲಿನಿಂದ ಎಳೆದ. ಪುಸ್ತಕವನ್ನು ಎದೆಗವಚಿಕೊಂಡು ದಂಡೆಗೆ ಬರುವಷ್ಟರಲ್ಲಿ ಕಲ್ಲವ್ವನೂ ಬಂದಿದ್ದಳು. ಲಟ್ಟಣಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಇಷ್ಟು ದೊಡ್ಡ ಮೀನನ್ನು ಹುರಿಯಲು ಯಾವ ಬಾಣಲೆ ತರಲಿ ಎಂದು ಮಕ್ಕಳನ್ನು ಕೇಳುತ್ತಿದ್ದಳು. ಅದು ಮೀನಲ್ಲ, ಮರಿಗೆ ಹಾಲೂಡಿಸುತ್ತದೆ ಎಂದು ಮಕ್ಕಳು ಅವಳ ಮೇಲೆ ಮುಗಿಬಿದ್ದಿದ್ದರು.

ಪುಸ್ತಕ ತೆರೆದರು. ಕೈ ಮೇಲಕ್ಕೆ ಚಾಚಿತ್ತು.

ದುರ್ಗಪ್ಪ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಪುಸ್ತಕವನ್ನು ನಿಂಗವ್ವನಿಗೆ ಕೊಟ್ಟ. ಆಮೇಲೆ ಅವನೇ ಮೊದಲು ಅಂದ, ಹಾಗಾದರೆ ಬಾಲ ಕಡಿಮೆ ಬಿತ್ತು, ಇನ್ನೊಂದು ಧೋತರ ಬೇಕು ಎಂದು.

ಹಗ್ಗದ ಮೇಲೆ ಧೋತರ ಉಳಿದಿರಲಿಲ್ಲ. ಅಡಿವೆಪ್ಪ ಹೆಗಲ ಮೇಲಿನ ಶಲ್ಯ ತೆಗೆದು ಕೊನೆಗೆ ಹಾಸಿದ.

"ಸಾಲೂದಿಲ್ಲರಿ, ಅಡಿವೆಪ್ಪಣ್ಣ," ನಿಂಗವ್ವ ಅಂದಳು.

ಅವನು ಶಲ್ಯದ ತುದಿಗೆ ಕಾಲು ಹಚ್ಚಿ, ಉಸುಕಿನ ಮೇಲೆ ಬೆನ್ನೂರಿ ಮಲಗಿ, ಎರಡೂ ಕೈ ಚಾಚಿದ. ಅಡಿವೆಪ್ಪಣ್ಣ ಒಬ್ಬ ಅಂದರೆ ಒಂದೂವರೆ ಹುಡುಗ ಎಂದು ಮಕ್ಕಳು ತೀರ್ಮಾನ ಕೊಟ್ಟರು.

"ಈಗ?"

"ಇನ್ನೊಂದೀಟು."

ಅಜ್ಜ ಬಾಗಿ, ಶಿಷ್ಯನ ಬೆರಳ ತುದಿಗೆ ತನ್ನ ಬೆತ್ತ ಇಟ್ಟ. ಬೆತ್ತ ಬಿಟ್ಟ ಕೈಯನ್ನು ನಿಂಗವ್ವನ ಹೆಗಲ ಮೇಲೆ ಊರಿ ನೆಟ್ಟಗಾದ. ಸಮುದ್ರ ಕಾಣದ ಮಕ್ಕಳು ತಿಮಿಂಗಿಲದ ತಲೆಯಿಂದ ಬಾಲದ ತನಕ ಓಡಿದರು, ಬಾಲದಿಂದ ತಲೆಯ ತನಕ ಓಡಿದರು.

ಅಡಿವೆಪ್ಪ ಬಾಲವಾಗಿ ಮಲಗಿಯೇ ಇದ್ದ. ಉಡದಾರದ ಕೀಲಿಕೈ ಸೊಂಟಕ್ಕೆ ಒತ್ತುತ್ತಿತ್ತು. ಮಲಗಿದಲ್ಲಿಂದಲೇ ಗುರುವಿನ ಮುಖ ನೋಡಿ ಮೆಲ್ಲಗೆ ಕೇಳಿದ:

"ಅಜ್ಜಾರ, ಆ ದೊಡ್ಡ ಪುಸ್ತಕ ಪೆಟ್ಟಿಗ್ಯಾಗ ಹಾಕ್ತೀನಿ. ನಾಳಿಂದ ನಾ ಉಗ್ರಾಣಕ್ಕ ಹೋಗ್ಲೋ, ಕೋಣಿಗೋ?"

ಅಜ್ಜ ಉಸುಕು ಮೆತ್ತಿದ ತನ್ನ ಧೋತರಗಳನ್ನು ಇನ್ನೊಮ್ಮೆ ನೋಡಿದ.

"ಕೀಲಿಕೈ ಕಲ್ಲವ್ವಗ ಕೊಡು. ಇನ್ನ ಮ್ಯಾಲ ನನ್ನ ಧೋತರ ಎತ್ತರಕ್ಕ ಒಣಹಾಕಾಕ ಹೇಳು."